ಪಂಕ್ಚರ್ ತೊಟ್ಟಿಯ ನೆಂಟರು

ನಮ್ಮ ಯಜಮಾನರು ಸೈಕಲ್ ಪಂಕ್ಚರ್ ಹಾಕುವವರು. ಟ್ಯೂಬಿಗೆ ಗಾಳಿ ತುಂಬಿ, ಅಂಗಡಿ ಮುಂದಿನ ತೊಟ್ಟಿಯಲ್ಲಿ ಅದ್ದಿ, ಗುಳ್ಳೆ ಎದ್ದ ಕಡೆ ತೇಪೆ ಹಾಕುತ್ತಾರೆ. ಮೂವತ್ತು ವರ್ಷದಲ್ಲಿ ಒಂದು ತೂತೂ ತಮ್ಮ ಕೈ ತಪ್ಪಿಲ್ಲವೆಂಬ ಜಂಬ ಬೇರೆ. ಕಿವಿ ಮಂದವಾಗಿ ಎರಡು ವರ್ಷವಾಯಿತು. ಅದನ್ನು ಮಾತ್ರ ಸತ್ತರೂ ಒಪ್ಪುವುದಿಲ್ಲ.

ನಾವು ನಾಲ್ಕು ದಿನ ಅಂಗಡಿ ಮುಚ್ಚಿ ನಾದಿನಿ ಮನೆಗೆ ಹೋಗಿದ್ದಾಗ ಯಾವುದೋ ಕಪ್ಪೆ ತೊಟ್ಟಿಯಲ್ಲಿ ಮೊಟ್ಟೆಯಿಟ್ಟಿತ್ತು. ವಾರದೊಳಗೆ ನೀರೆಲ್ಲ ಗೊದಮೊಟ್ಟೆ. ಅವು ಮೇಲೆ ಬಂದು ಬಿಟ್ಟ ಗುಳ್ಳೆಯನ್ನೆಲ್ಲ ತೂತೆಂದುಕೊಂಡು ಇವರು ಅಂಚೆಯವನ ಟ್ಯೂಬಿಗೆ ಐದು ತೇಪೆ ಬಡಿದರು. ನಿಜವಾದ ತೂತು ಹಾಗೇ ಉಳಿಯಿತು.

“ಅಣ್ಣಾ, ಟ್ಯೂಬಿಗಿಂತ ತೇಪೆನೇ ಜಾಸ್ತಿ ಇದೆ. ಗಾಳಿ ಮಾತ್ರ ನಿಲ್ತಿಲ್ಲ,” ಎಂದ ಅಂಚೆಯವನು.

ಇವರ ಮುಖ ಹರಳೆಣ್ಣೆ ಕುಡಿದಂತಾಯಿತು.

“ಆ ನೀರು ಚೆಲ್ರೀ,” ಅಂದೆ.

“ಪಾಪ, ಇನ್ನೂ ಕಾಲೇ ಬಂದಿಲ್ಲ. ಎಲ್ಲಿಗೆ ಹೋಗ್ತವೆ? ನಾನು ಕಿವಿಯಲ್ಲೇ ಕೇಳಿ ತೂತು ಹುಡುಕ್ತೀನಿ.”

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಗಂಡಸು, ಗೊದಮೊಟ್ಟೆಗೆ ನಾಲ್ಕೂ ಬರಲೆಂದು ಕಾಯುತ್ತಾ ಕೂತರು. ಟ್ಯೂಬನ್ನು ಕಿವಿಗಿಟ್ಟು ಎಲ್ಲ ಕೇಳಿಸಿದವರಂತೆ ತಲೆಯಾಡಿಸುವುದು ಬೇರೆ! ನೋಡಲಾರದೆ ಕಿತ್ತುಕೊಂಡು ನನ್ನ ಕಿವಿಗಿಟ್ಟೆ.

“ಇಲ್ಲಿದೆ ನೋಡ್ರೀ.”

“ನಾನೂ ಅದನ್ನೇ ಹೇಳ್ಬೇಕು ಅಂತಿದ್ದೆ.”

ಅಂದಿನಿಂದ ದಿನವೂ ಅಡುಗೆ ಮುಗಿಸಿ ಅಂಗಡಿಯಲ್ಲಿ ಅವರ ಪಕ್ಕ ಸ್ಟೂಲು ಹಾಕಿಕೊಂಡು ಕೂತೆ. ನಾನು ಸುಯ್ ಎನ್ನುವ ಸದ್ದು ಹುಡುಕುತ್ತಿದ್ದೆ, ಅವರು ತೇಪೆ ಹಾಕುತ್ತಿದ್ದರು. ನಡುನಡುವೆ ಇಬ್ಬರೂ ತೊಟ್ಟಿಗೆ ಇಣುಕುತ್ತಿದ್ದೆವು. ಮೊದಲು ಹಿಂಗಾಲು ಬಂತು, ಆಮೇಲೆ ಮುಂಗಾಲು. ದಿನಕ್ಕಿಷ್ಟು ಬಾಲ ಕರಗಿತು. ಇವರ ಜಂಬ ಮಾತ್ರ ಕರಗಲಿಲ್ಲ. ಹತ್ತಿ ಹೋಗಲಿ ಎಂದು ಹಲಗೆಯೊಂದನ್ನು ಓರೆಯಾಗಿ ಇಟ್ಟರು. ಉಗುರಿನಷ್ಟೇ ಇದ್ದ ಕಪ್ಪೆಮರಿಗಳು ಒಂದೊಂದಾಗಿ ಚರಂಡಿಯ ಹುಲ್ಲಿಗೆ ಹಾರಿದವು.

ಆರನೆಯ ವಾರ ತೊಟ್ಟಿ ಖಾಲಿಯಾಯಿತು. ಇವರು ಅದನ್ನು ತಿಕ್ಕಿ ತೊಳೆದು ಹೊಸ ನೀರು ತುಂಬಿದರು. ನನಗೆ ಯಾಕೋ ಬೇಜಾರಾಯಿತು. ಸ್ಟೂಲು ಎತ್ತಿಕೊಂಡು ಹೊರಟೆ.

“ಎಲ್ಲಿಗೇ? ಇದೊಂದು ಟ್ಯೂಬ್ ಕೇಳು.”

“ತೊಟ್ಟಿ ಇದೆಯಲ್ರೀ.”

ಅವರು ಟ್ಯೂಬನ್ನೇ ನೋಡುತ್ತಾ ಹೇಳಿದರು: “ಕೂತ್ಕೊಳೇ. ನನಗೆ ಕಿವಿ ಕೇಳಿಸಲ್ಲ.”

ಸ್ಟೂಲು ಮತ್ತೆ ಅಲ್ಲೇ ಹಾಕಿದೆ. ಖುಷಿಯಲ್ಲಿ ಸದ್ದು ಹಿಡಿಯಲು ಸ್ವಲ್ಪ ಹೊತ್ತಾಯಿತು. ಟ್ಯೂಬ್ ಅದ್ದುವಷ್ಟು ದೊಡ್ಡದಾದ, ಬಟ್ಟೆ ನೆನೆಸುವ ಟಬ್ಬೊಂದು ಮನೆಯಲ್ಲಿದೆಯೆಂದು ಆರು ವಾರ ನಾನು ಬಾಯಿಬಿಡದೆ ಇದ್ದದ್ದು ಸಾರ್ಥಕವಾಯಿತು.