ಜೀವಕಣದ ಹಂಪಕ್ಕ

ಕೋಳಿ ಕೂಗುವ ಮೊದಲು ಕುರಿದೊಡ್ಡಿಯ ಹಿಕ್ಕೆ ಬಳಿಯಬೇಕು, ಬಳಿದದ್ದನ್ನು ತಿಪ್ಪೆಗೆ ಹೊರಬೇಕು, ಸೇದುವ ಬಾವಿಯಿಂದ ಎಂಟು ಕೊಡ ನೀರು ತರಬೇಕು, ಎಮ್ಮೆ ಹಿಂಡಬೇಕು, ನಿನ್ನೆಯ ಮೊಸರು ಕಡೆಯಬೇಕು, ಹಂಡೆಯ ಕೆಳಗೆ ಉರಿ ಹಾಕಬೇಕು, ಅಂಗಳ ಸಾರಿಸಿ ರಂಗೋಲಿ ಬಿಡಬೇಕು, ಹಿಟ್ಟು ನಾದಿ ಹದಿನಾಲ್ಕು ಜೋಳದ ರೊಟ್ಟಿ ತಟ್ಟಬೇಕು, ಅತ್ತೆಯ ಮೊಣಕಾಲಿಗೆ ಬಿಸಿ ಎಣ್ಣೆ ತಿಕ್ಕಬೇಕು. ಇಷ್ಟು ಮುಗಿಯುವ ಹೊತ್ತಿಗೆ ರಾಯದುರ್ಗದ ಬೆಟ್ಟದ ಮೇಲೆ ಬೆಳಕು ಹರಿಯುತ್ತಿತ್ತು. ಇದೆಲ್ಲವನ್ನೂ ಹಂಪಕ್ಕ ಸೀರೆಯ ಮೇಲೊಂದು ಗಂಡಸರ ಕೋಟು ತೊಟ್ಟುಕೊಂಡು ಮಾಡುತ್ತಿದ್ದಳು.

ಕೋಟು ಗಂಡ ಗೋಪಾಲಪ್ಪನದು. ತಾಲೂಕು ಕಚೇರಿಯಲ್ಲಿ ಹಂಗಾಮಿ ಗುಮಾಸ್ತನಾಗಿದ್ದ ಅವನು ಮೊಣಕೈ ಹರಿದ ಮೇಲೆ ಅದನ್ನು ಗೂಟಕ್ಕೆ ನೇತುಹಾಕಿ ಮರೆತಿದ್ದ. ಹಂಪಕ್ಕ ತೇಪೆ ಹಾಕಿ ತೊಟ್ಟಳು. ಚಳಿಗೆ ಎಂದುಕೊಂಡು ಅತ್ತೆ ದುರುಗಕ್ಕ ಮೊದಮೊದಲು ಸುಮ್ಮನಿದ್ದರು. ಶಿವರಾತ್ರಿ ಕಳೆದು ಬಿಸಿಲು ಕಾಯತೊಡಗಿದರೂ ಕೋಟು ಮೈ ಬಿಡದಿದ್ದಾಗ ಕೇಳಿಯೇ ಬಿಟ್ಟರು.

"ಚಳಿ ಹೋಗಿ ಯಾವ ಕಾಲ ಆತು, ಇನ್ನೂ ಕೋಟು ಯಾಕಬೇ? ಅಮಲ್ದಾರಿಕಿ ಮಾಡಾಕ ಹೊಂಟೀ ಏನು?"

"ಸೀರೆಗೆ ಜೇಬಿಲ್ಲ ಕಣತ್ತೆ."

ಜೇಬೇ ಅವಳಿಗೆ ಬೇಕಾಗಿದ್ದದ್ದು. ಎಡಗಡೆಯ ಜೇಬಿನಲ್ಲಿ ವಿಜ್ಞಾನ ಪುಸ್ತಕದಿಂದ ಬಿಚ್ಚಿಕೊಂಡ ಆ ದಿನದ ಹಾಳೆಗಳು. ಒಂದೊಂದನ್ನೂ ಕೆಲಸದ ನಡುವೆ ತೆಗೆದು ಓದಿ, ಕೊಡ ತುಂಬುವಾಗಲೋ ಮಜ್ಜಿಗೆ ಕಡೆಯುವಾಗಲೋ ಬಾಯಲ್ಲೇ ಒಪ್ಪಿಸಿ, ತಪ್ಪಿಲ್ಲದೆ ಬಂದರೆ ಮಾತ್ರ ಅದನ್ನು ಬಲಗಡೆಯ ಜೇಬಿಗೆ ದಾಟಿಸುವಳು. ಕೊಡ ಹೊತ್ತು ಹೊತ್ತು ಅವಳ ಎಡಭುಜ ಮೇಲೆದ್ದಿತ್ತು. ಹಾಗೆ ವಾಲಿಕೊಂಡು, ತುಟಿ ಅಲ್ಲಾಡಿಸುತ್ತ, ಬಿರಬಿರನೆ ಬಾವಿಯಿಂದ ಬರುವ ಅವಳನ್ನು ಕಂಡವರು, ಪಾಪ, ಯಾವುದೋ ಹರಕೆಯ ಜಪವಿರಬೇಕು ಎಂದುಕೊಂಡಿದ್ದರು. ಅವಳು ಗೊಣಗುತ್ತಿದ್ದದ್ದು ಸಣ್ಣ ಕರುಳಿನ ಉದ್ದ.

ಅದು ಎರಡನೆಯ ಮಹಾಯುದ್ಧದ ಕೊನೆಯ ಹೊತ್ತು. ರಾಯದುರ್ಗ ಆಗ ಬಳ್ಳಾರಿ ಜಿಲ್ಲೆಯಲ್ಲಿತ್ತು, ಬಳ್ಳಾರಿ ಮದರಾಸಿನ ಕೈಕೆಳಗಿತ್ತು. ಹಂಪಕ್ಕ ಹುಟ್ಟಿದ್ದು ಮಡಕಶಿರದ ಕಡೆಯ ಅಮರಾಪುರದಲ್ಲಿ. ಮಡಕಶಿರದ ಸೋದರಮಾವನ ಮನೆಯಲ್ಲಿದ್ದು ಎಂಟನೆಯ ಕ್ಲಾಸು ಓದಿದ್ದಳು. ಹದಿನೈದಕ್ಕೆ ಮದುವೆಯಾಗಿ ರಾಯದುರ್ಗಕ್ಕೆ ಬಂದ ಮೇಲೆ ಓದು ನಿಂತಿತು, ಹೆಸರೂ ಹೋಯಿತು. ಅತ್ತೆಮನೆಯಲ್ಲಿ ಎಲ್ಲರಿಗೂ ಅವಳು 'ಅಮರಾಪುರದಾಕಿ'. ಅವಳ ಮಾತಿನ ಕೊನೆಗೆ ಬರುವ 'ಕಣತ್ತೆ', 'ಕಣ್ರೀ', 'ಕಣಪ್ಪ' ಆ ಬೀದಿಗೊಂದು ತಮಾಷೆ. "ಏನಬೇ, ಮಾತಿಗೊಂದು ಕಣ ಮಾಡ್ತೀ, ನಿಮ್ಮಪ್ಪಗ ಅಷ್ಟು ಹೊಲ ಅದಾವೇನು?" ಎಂದು ಎದುರು ಮನೆಯ ಸುಂಕಮ್ಮ ನಗುವಳು. ಒಂಬತ್ತು ವರ್ಷ ನಕ್ಕರೂ ಹಂಪಕ್ಕ ಅದನ್ನು ಬಿಡಲಿಲ್ಲ. ಅಮರಾಪುರದಿಂದ ತಂದದ್ದರಲ್ಲಿ ಉಳಿದದ್ದು ಅದೊಂದೇ ಎಂಬ ಹಟವಿತ್ತು.

ಪುಸ್ತಕ ಮನೆಗೆ ಬಂದದ್ದು ಗೋಪಾಲಪ್ಪನಿಗಾಗಿ. ಎಸ್ಸೆಸ್ಸೆಲ್ಸಿ ಆಗದೆ ಅವನ ಕೆಲಸ ಕಾಯಂ ಆಗುವಂತಿರಲಿಲ್ಲ; ಎರಡು ಸಲ ಕಟ್ಟಿದ್ದ, ಎರಡು ಸಲವೂ ವಿಜ್ಞಾನ ಕೈಕೊಟ್ಟಿತ್ತು. ಬೆಳಗಿನ ಜಾವ ಜಗುಲಿಯ ಮೇಲೆ ಕಂಬಳಿ ಹೊದ್ದು ಕುಳಿತು ಒಪ್ಪಿಸುವಾಗ ಪುಸ್ತಕ ಹಿಡಿದು ಕೇಳಿಸಿಕೊಳ್ಳಲು ಅವನಿಗೊಬ್ಬರು ಬೇಕಿತ್ತು. ಹೀಗೆ ಹಂಪಕ್ಕನ ಕೆಲಸಕ್ಕೆ ಇನ್ನೊಂದು ಕೆಲಸ ಸೇರಿತು. ಒಂದು ಕೈಯಲ್ಲಿ ಪುಸ್ತಕ, ಇನ್ನೊಂದರಲ್ಲಿ ರೊಟ್ಟಿ. ಅವನು ಮರೆತದ್ದನ್ನು ಅವಳು ಎತ್ತಿಕೊಡುವಳು. ಎತ್ತಿಕೊಡುತ್ತ ಎತ್ತಿಕೊಡುತ್ತ ಪಾಠವೆಲ್ಲ ಅವಳ ಬಾಯಿಗೆ ಬಂದು ಕುಳಿತಿತು. ಪುಸ್ತಕ ಹೇಳುವುದನ್ನು ಅವಳ ಕೈ ಆಗಲೇ ಕಂಡಿತ್ತು ಕೂಡ. ಕಡಲೆಕಾಯಿ ಬೀಜ ಸೀಳಿದರೆ ಎರಡು ಬೇಳೆಯ ನಡುವೆ ಹಕ್ಕಿಯ ಕೊಕ್ಕಿನಂತೆ ಕೂತ ಮೊಳಕೆ ಅವಳಿಗೆ ಗೊತ್ತಿತ್ತು, ಹೆಸರು ಮಾತ್ರ ಗೊತ್ತಿರಲಿಲ್ಲ.

ಒಮ್ಮೆ ಗುಂಡಿಗೆಯ ಪಾಠ ಗೋಪಾಲಪ್ಪನ ತಲೆಗೆ ಹತ್ತದೆ ಹೋಯಿತು. ರಕ್ತ ಯಾವ ಕೋಣೆಯಿಂದ ಯಾವ ಕೋಣೆಗೆ ಹೋಗುತ್ತದೆಂದು ಕೇಳಿದರೆ ಮೇಲಿನದನ್ನು ಕೆಳಗೆ, ಎಡದ್ದನ್ನು ಬಲಕ್ಕೆ ಹೇಳುವನು. ಅಂದು ಮನೆಯಲ್ಲಿ ಕುರಿ ಕೊಯ್ದಿದ್ದರು. ಹಂಪಕ್ಕ ಅವನನ್ನು ಒಲೆಯ ಹತ್ತಿರ ಕರೆದು, ಅಂಗೈಯಲ್ಲಿ ಕುರಿಯ ಗುಂಡಿಗೆ ಇಟ್ಟುಕೊಂಡು, "ಇಲ್ಲಿ ಬೆರಳಿಡ್ರಿ" ಎಂದಳು. ಅವನು ಕೈ ಹಿಂದಕ್ಕೆಳೆದ. ಅವಳೇ ಬೆರಳು ತೂರಿಸಿ, "ಇಲ್ಲಿಂದ ಒಳಗೆ, ಈ ಕದ ದಾಟಿ ಕೆಳಗೆ, ಹಿಂದಕ್ಕೆ ಬರಾಕೆ ಬಿಡಲ್ಲ ಈ ಕದ" ಎಂದು ತೋರಿಸಿದಳು. ಮೂವತ್ತು ವರ್ಷ ತಿಂದದ್ದನ್ನು ಅವನು ಅಂದು ಮೊದಲ ಸಲ ನೋಡಿದ.

ಅತ್ತೆಗೆ ಇದೆಲ್ಲ ಸರಿಬರಲಿಲ್ಲ. ಮದುವೆಯಾಗಿ ಒಂಬತ್ತು ವರ್ಷವಾದರೂ ತೊಟ್ಟಿಲು ಕಟ್ಟಿರಲಿಲ್ಲ. ಆ ಮಾತು ಅವರ ನಾಲಗೆಯ ತುದಿಯಲ್ಲೇ ಇರುತ್ತಿತ್ತು.

"ಹೂವಿನ ಪಾಠ ಓದ್ತಾಳಂತ ಹೂವಿನ ಪಾಠ. ನಮ್ಮ ಮನ್ಯಾಗಿನ ಹೂವು ಹೀಚು ಕಟ್ಟಲಿಲ್ಲ, ಅದಕ್ಕೇನು ಬರದಾರಬೇ ನಿನ್ನ ಪುಸ್ತಕದಾಗ?"

ಹಂಪಕ್ಕ ರೊಟ್ಟಿ ತಿರುವಿ ಹಾಕಿದಳು. "ಬರದವ್ರೆ ಕಣತ್ತೆ. ಹೀಚು ಕಟ್ಟದಿದ್ರೆ ಬರೀ ಹೂವಿಂದೇ ತಪ್ಪು ಅಂತ ಬರದಿಲ್ಲ. ಪರಾಗವೂ ಬಂದು ಸೇರಬೇಕಂತೆ."

ಜಗುಲಿಯ ಮೇಲೆ ಗೋಪಾಲಪ್ಪನಿಗೆ ಜೋರಾಗಿ ಕೆಮ್ಮು ಬಂತು. ಆ ಮಾತನ್ನು ದುರುಗಕ್ಕ ಮತ್ತೆಂದೂ ಎತ್ತಲಿಲ್ಲ.

ಚಿತ್ರ ಬರೆದು ಕಲಿಯಲು ಅವಳಿಗೆ ಕಾಗದವಿರಲಿಲ್ಲ. ಯುದ್ಧದ ಕಾಲದಲ್ಲಿ ಗೋಪಾಲಪ್ಪನಿಗೇ ಸಾಲುತ್ತಿರಲಿಲ್ಲ. ಅವಳಿಗೆ ಇದ್ದದ್ದು ದಿನಕ್ಕೊಂದು ಸಾರಿಸಿದ ಅಂಗಳ, ಒಂದು ಬಟ್ಟಲು ರಂಗೋಲಿ ಪುಡಿ. ಸೋಮವಾರ ಎಲೆಯ ನರಗಳು, ಮಂಗಳವಾರ ಹೂವಿನ ಸೀಳುನೋಟ, ಬುಧವಾರ ಮೂತ್ರಪಿಂಡ ಎಂದು ಬಾಗಿಲ ಮುಂದೆ ಪಾಠ ಬಿಡತೊಡಗಿದಳು. ಮೂತ್ರಪಿಂಡ ಅವಳ ಕೈಗೆ ಬಹಳ ಚೆನ್ನಾಗಿ ಬಂತು. ಜೋಡಿಯಾಗಿ, ಎದುರುಬದುರಾಗಿ, ಕೆಳಗೆರಡು ಬಳುಕುವ ನಾಳಗಳು.

"ಇದು ಯಾವ ಮಾವಿನಕಾಯಿಬೇ, ಭಾಳ ಛಂದ ಐತಿ?" ಎಂದಳು ಸುಂಕಮ್ಮ.

"ನಮ್ಮ ಕಡೇದು."

ವಾರ ಕಳೆಯುವುದರೊಳಗೆ ಬೀದಿಯ ಏಳು ಮನೆಗಳ ಮುಂದೆ ಮೂತ್ರಪಿಂಡ ಬಿದ್ದಿತ್ತು. ಸುಂಕಮ್ಮ ನಾಳಗಳ ತುದಿಗೊಂದು ತಾವರೆಯನ್ನೂ ಸೇರಿಸಿದ್ದಳು. ಆ ಬೆಳಿಗ್ಗೆ ಅದೇ ಬೀದಿಯಲ್ಲಿ ತಿರುಗಾಡಲು ಹೊರಟ ಮರುಳಪ್ಪ ಮೇಷ್ಟ್ರು, ಹೈಸ್ಕೂಲಿನಲ್ಲಿ ಇಪ್ಪತ್ತೈದು ವರ್ಷ ವಿಜ್ಞಾನ ಹೇಳಿ ನಿವೃತ್ತರಾದವರು, ಮೊದಲ ಮನೆಯ ಮುಂದೆ ನಿಂತರು. ಎರಡನೆಯದರ ಮುಂದೆ ಕನ್ನಡಕ ಒರೆಸಿಕೊಂಡರು. ಬೇರು ಹುಡುಕಿಕೊಂಡು ಗೋಪಾಲಪ್ಪನ ಜಗುಲಿಗೆ ಬಂದು ಕುಳಿತರು.

"ಮೂತ್ರಪಿಂಡ ಬರದೋರು ಯಾರಪಾ ಈ ಮನ್ಯಾಗ?"

ಒಳಗಿನಿಂದ ಮಜ್ಜಿಗೆ ತಂದಿಟ್ಟ ಹಂಪಕ್ಕನೇ ಎಂದು ತಿಳಿದಾಗ ಮೇಷ್ಟ್ರು ಅಲ್ಲೇ ಹತ್ತು ಪ್ರಶ್ನೆ ಕೇಳಿದರು. ಗೋಪಾಲಪ್ಪ ಮೂರಕ್ಕೆ ಬಾಯಿಬಿಟ್ಟ. ಉಳಿದ ಏಳಕ್ಕೆ ಅಡುಗೆಮನೆಯಿಂದ ಉತ್ತರ ಬಂತು. "ಹೆಂಗಸ್ರು ಖಾಸಗಿಯಾಗಿ ಪರೀಕ್ಷಿ ಕಟ್ಟಬಹುದು ತಂಗೀ. ಪಾಸಾದ್ರ ಟ್ರೇನಿಂಗ್ ಸೇರಬಹುದು, ಹೆಣ್ಣುಮಕ್ಕಳ ಶಾಲಿಗೆ ಟೀಚರಮ್ಮ ಆಗಬಹುದು" ಎಂದರು ಮೇಷ್ಟ್ರು. ಗೋಪಾಲಪ್ಪ ನಕ್ಕ. "ಬರೀಲಿ ಬಿಡ್ರಿ, ನನ್ನ ಜೊತಿಗೊಬ್ಬರು ಫೇಲಾಗೋರು ಸಿಕ್ಕಂಗಾತು" ಎಂದು ನಗುನಗುತ್ತಲೇ ಅರ್ಜಿಗೆ ರುಜು ಹಾಕಿದ. ಅರ್ಜಿಯಲ್ಲಿ ತನ್ನ ಹೆಸರನ್ನು ಹಂಪಕ್ಕ ತಾನೇ ಬರೆದಳು. ಒಂಬತ್ತು ವರ್ಷದಲ್ಲಿ ಅದನ್ನು ಬರೆದದ್ದು ಅದೇ ಮೊದಲು.

ಅಂದಿನಿಂದ ಮೇಷ್ಟ್ರು ವಾರಕ್ಕೆರಡು ಸಲ ಬಂದು ಇಬ್ಬರಿಗೂ ಪಾಠ ಕೇಳುವರು. ಒಬ್ಬ ಜಗುಲಿಯಲ್ಲಿ, ಒಬ್ಬಳು ಒಲೆಯ ಮುಂದೆ. ಒಂದು ದಿನ, "ಜೀವಕಣ ಅಂದ್ರೇನು?" ಎಂದರು. ಜಗುಲಿಯಲ್ಲಿ ಗೋಪಾಲಪ್ಪ ಸೂರು ನೋಡಿದ. ಒಲೆಯ ಕಡೆಯಿಂದ ಹಂಪಕ್ಕ ಹೇಳಿದಳು:

"ಸುತ್ತ ಗೋಡೆ, ನಡುವೆ ಮೇಟಿ. ಎಲ್ಲ ಕೆಲಸ ಮೇಟಿ ಸುತ್ತಲೇ. ಬೇಕಾದ್ದು ಒಳಕ್ಕೆ ಬರುತ್ತೆ, ಹೊಟ್ಟು ಹೊರಕ್ಕೆ ಹೋಗುತ್ತೆ. ಕಣ ಅಂದ್ರೆ ಕಣ ಕಣ್ರಪ್ಪ!"

ಮೇಷ್ಟ್ರಿಗೆ ಮಜ್ಜಿಗೆ ನೆತ್ತಿಗೇರಿತು. ಜೀವಕೋಶಕ್ಕೆ ಆಗಿನ ಪುಸ್ತಕ ಇಟ್ಟ ಹೆಸರು ಜೀವಕಣ; ಆ ಕಣವನ್ನು ಅವಳು ರಾಗಿ ಒಕ್ಕುವ ಕಣವೆಂದು ತಿಳಿದು, ನಡುವೆ ಎತ್ತು ಸುತ್ತುವ ಮೇಟಿಕಂಬವನ್ನೂ ನೆಟ್ಟು ಕಲಿತಿದ್ದಳು. "ಒಕ್ಕಲಾಟದ ಕಣ ಅಲ್ಲ ತಂಗೀ! ಕಣ ಅಂದ್ರ ಸಣ್ಣ ಚೂರು, ಕಣ್ಣಿಗೆ ಕಾಣಂಗಿಲ್ಲ" ಎಂದು ಕಣ್ಣೀರು ಬರುವಂತೆ ನಕ್ಕರು. ಗೋಪಾಲಪ್ಪ ನಕ್ಕ, ದುರುಗಕ್ಕ ಅರ್ಥವಾಗದೆಯೂ ನಕ್ಕರು, ಸಂಜೆಯೊಳಗೆ ಬೀದಿ ನಕ್ಕಿತು. 'ಜೀವಕಣದ ಹಂಪಕ್ಕ' ಎಂಬ ಹೆಸರು ಅಂದೇ ಬಿದ್ದದ್ದು.

ಅವಳು ನಗು ನಿಲ್ಲುವತನಕ ಕಾದು ಹೊರಗೆ ಬಂದಳು, ಕೈಯೆಲ್ಲ ಹಿಟ್ಟು. "ನಗ್ರಿ ಮೇಷ್ಟ್ರೇ. ಅದಕ್ಕೆ ಗೋಡೆ ಐತೋ ಇಲ್ವೋ?"

"ಗಿಡದ್ದಕ್ಕ ಐತಿ. ಪ್ರಾಣಿದಕ್ಕ ಬರೇ ಪೊರೆ."

"ಆಯ್ತು, ಪ್ರಾಣಿ ಕಣಕ್ಕೆ ಬೇಲಿ ಅಂದ್ಕೊಳ್ತೀನಿ. ನಡುವೆ ಒಂದು ಐತೋ ಇಲ್ವೋ?"

"ಐತಿ. ಅದಕ್ಕ ಕೇಂದ್ರ ಅಂತಾರ."

"ಹೆಸರು ನೀವೇ ಇಟ್ಕೊಳ್ರಿ. ಒಳಗೆ ದುಡಿಮೆ ನಡೀತೈತೋ ಇಲ್ವೋ, ಅದು ಹೇಳ್ರಿ."

"ನಡೀತೈತಿ ತಂಗೀ" ಎಂದು ಮೇಷ್ಟ್ರು ಒಪ್ಪಿಕೊಂಡರು. ಮರುವಾರ ಜೀವಕಣದ ಪ್ರಶ್ನೆಯನ್ನೇ ಗೋಪಾಲಪ್ಪನಿಗೆ ಹಾಕಿದಾಗ ಅವನು ಕಣ್ಣುಮುಚ್ಚಿ, ಬೆರಳಿನಿಂದ ಗಾಳಿಯಲ್ಲಿ ದುಂಡಗೆ ಗೆರೆ ಎಳೆದು, ನಡುವೆ ಒಂದು ಕಂಬ ನೆಟ್ಟು, ಒಂದೂ ತಪ್ಪಿಲ್ಲದೆ ಒಪ್ಪಿಸಿದ.

ಹಾಲ್‌ಟಿಕೆಟ್ಟುಗಳು ಒಂದೇ ಟಪಾಲಿನಲ್ಲಿ ಬಂದವು. ಪರೀಕ್ಷೆ ಬಳ್ಳಾರಿಯಲ್ಲಿ, ಗಂಡಸರಿಗೆ ಕೌಲ್‌ಬಜಾರಿನ ಕಡೆ, ಹೆಂಗಸರಿಗೆ ಕೋಟೆಯ ಕಡೆ, ಆ ವರ್ಷ ಮೊದಲ ದಿನವೇ ವಿಜ್ಞಾನ. ಅವಳ ಹೆಸರು ಅಚ್ಚಾಗಿ ಬಂದದ್ದನ್ನು ನೋಡಿದ ದಿನದಿಂದ ಗೋಪಾಲಪ್ಪನ ನಗು ಉಡುಗಿತು.

"ಕೇಳಿಲ್ಲಿ. ನೀ ಪಾಸಾಗಿ ನಾ ಫೇಲಾದ್ರ ಕಚೇರ್ಯಾಗ ನಾ ಹೆಂಗ ಮುಖ ಎತ್ತಲಿ? ಈ ವರ್ಷ ಬಿಡು. ಮುಂದಿನ ವರ್ಷ ಬರೀವಂತಿ."

"ಇಬ್ರೂ ಬರ್ಯಾಕ ಕುಂತ್ರ ಒಲಿ ಯಾರು ಹಚ್ಚೋರು?" ಎಂದರು ದುರುಗಕ್ಕ.

ಹಂಪಕ್ಕ ಮೇಷ್ಟ್ರ ಮುಖ ನೋಡಿದಳು. ಅವರು ಕನ್ನಡಕ ತೆಗೆದು ಪಂಚೆಯ ತುದಿಯಿಂದ ಒರೆಸಿದರು. "ಒಂದು ವರ್ಷ ತಡ ಆದ್ರ ಏನಾತು ತಂಗೀ. ಸಂಸಾರ ಅಂದ ಮ್ಯಾಲ..." ಎಂದು ಮಾತನ್ನು ಅಲ್ಲೇ ಬಿಟ್ಟರು. ಆಮೇಲೆ ಅವಳು ಯಾರ ಮುಖವನ್ನೂ ನೋಡಲಿಲ್ಲ. ಹ್ಞೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಹೆಂಗಸು ಸುಮ್ಮನಿದ್ದರೆ ಒಪ್ಪಿದಳೆಂದು ತಿಳಿಯುವುದು ಆ ಮನೆಯ ವಾಡಿಕೆ, ಹಾಗೇ ತಿಳಿದರು.

ಪರೀಕ್ಷೆಯ ಹಿಂದಿನ ದಿನವೇ ತಾಯಿಮಗ ಬಳ್ಳಾರಿಯ ನೆಂಟರ ಮನೆಗೆ ಹೋದರು. ಹಂಪಕ್ಕನಿಗೆ ಹೇಳಿದ್ದಿಷ್ಟು: ಎಮ್ಮೆ ಹಿಂಡಿ, ದೊಡ್ಡಿ ಬಳಿದು, ಬುತ್ತಿ ಕಟ್ಟಿಕೊಂಡು ಬೆಳಗಿನ ರೈಲಿಗೆ ಬರಬೇಕು; ನೆಂಟರ ಮನೆಯದೇ ಆಗಲಿ, ಹೊರಗಿನ ಊಟ ಗೋಪಾಲಪ್ಪನ ಹೊಟ್ಟೆಗೆ ಆಗುವುದಿಲ್ಲ, ಗಂಟೆ ಬಾರಿಸುವ ಮೊದಲು ಅವನ ಕೈಗೆ ರೊಟ್ಟಿ ಸೇರಬೇಕು.

ರೈಲು ಬಳ್ಳಾರಿ ಮುಟ್ಟಿದಾಗ ಒಂಬತ್ತೂವರೆ. ಹತ್ತಕ್ಕೆ ಗಂಟೆ. ಕೌಲ್‌ಬಜಾರಿಗೆ ಹೋಗಿ ಬುತ್ತಿ ಕೊಟ್ಟು ಕೋಟೆಯ ಕಡೆ ಓಡಿದರೆ ಬಾಗಿಲು ಮುಚ್ಚಿರುತ್ತದೆ. ಎರಡೂ ಆಗುವಂತಿರಲಿಲ್ಲ. ಸ್ಟೇಷನ್ನಿನ ಹೊರಗೆ ಕೈಯಲ್ಲಿ ಬುತ್ತಿ, ಕೋಟಿನ ಎಡಜೇಬಿನಲ್ಲಿ ಹಾಲ್‌ಟಿಕೆಟ್ಟು ಹಿಡಿದು ನಿಂತ ಅವಳನ್ನು ಏನು ಮಾಡೆಂದು ಹೇಳುವವರು ಅಲ್ಲಿ ಯಾರೂ ಇರಲಿಲ್ಲ. ಒಂಬತ್ತು ವರ್ಷದಲ್ಲಿ ಅಂಥ ಗಳಿಗೆ ಅದೊಂದೇ.

ಮನೆಯನ್ನೆಲ್ಲ ಹೊತ್ತು ನಡೆಸುವ ಇಂಥ ಹೆಂಗಸರ ವಿಷಯದಲ್ಲಿ ಲೋಕ ಒಂದು ತಪ್ಪು ಮಾಡುತ್ತದೆ. ಅವರು ಎಲ್ಲ ಕೆಲಸ ಮಾಡಿಬಿಡುತ್ತಾರೆ, ಆದ್ದರಿಂದ ಎಲ್ಲದಕ್ಕೂ ಒಪ್ಪಿದ್ದಾರೆ ಎಂದುಕೊಳ್ಳುತ್ತದೆ. ದುಡಿಯುವ ಕೈ ದುಡಿಯುತ್ತಲೇ ಪ್ರತಿಯೊಂದನ್ನೂ ಬಿಚ್ಚಿ ನೋಡಿ, ಯಾವುದಿಲ್ಲದೆ ಯಾವುದು ನಡೆಯುತ್ತದೆ, ಯಾವುದಿಲ್ಲದೆ ಯಾವುದು ನಿಲ್ಲುತ್ತದೆ ಎಂದು ತಿಳಿದುಕೊಂಡಿರುತ್ತದೆಂಬುದು ಅದಕ್ಕೆ ಹೊಳೆಯುವುದೇ ಇಲ್ಲ. ಊಟ ತಪ್ಪಿದ ದೇಹಕ್ಕೆ ಯಕೃತ್ತು ತಾನು ಕೂಡಿಟ್ಟ ಸಕ್ಕರೆಯನ್ನು ಬಿಟ್ಟುಕೊಡುತ್ತದೆ ಎಂಬ ಪಾಠವನ್ನು ಹಂಪಕ್ಕ ಗಂಡನಿಗೆ ನಾಲ್ಕು ಸಲ ಹೇಳಿಕೊಟ್ಟಿದ್ದಳು. ಒಂದು ಹೊತ್ತು ತಿನ್ನದಿದ್ದರೆ ಮನುಷ್ಯ ಸಾಯುವುದಿಲ್ಲ.

"ಯಾ ಕಡಿಗವ್ವಾ?" ಎಂದ ಜಟಕಾದವನು.

"ಕೋಟೆ ಕಡೆಗೆ ಕಣಪ್ಪ. ಬೇಗ ಹೊಡಿ."

ಜಟಕಾ ತಿರುವು ದಾಟಿದ ಮೇಲೆ ಅವಳು ಬುತ್ತಿಯ ಗಂಟು ಬಿಚ್ಚಿ, ಗಂಡನ ಪಾಲಿನ ರೊಟ್ಟಿಯಲ್ಲೊಂದು ಮುರಿದು ಬಾಯಿಗಿಟ್ಟುಕೊಂಡಳು. ಬೆಳಗಿನಿಂದ ಅವಳೂ ಏನೂ ತಿಂದಿರಲಿಲ್ಲ.