ಮೇಣದ ಸೆಟ್ಟು, ಒಂದು ಲೋಟ ಚಹಾ

ಹಲ್ಲಿನ ಸೆಟ್ಟು ಮಾಡುವವನು ನಾನು. ಎಕ್ಸ್‌ರೇ, ಕುಯ್ಯುವುದು, ಹೊಲಿಯುವುದೆಲ್ಲ ಮೇಲ್ಮಹಡಿಯ ಡಾಕ್ಟರಮ್ಮನ ಪಾಲು. ಅಳತೆ ತೆಗೆಯುವುದು, ಹಲ್ಲು ಜೋಡಿಸುವುದು ಕೆಳಗೆ ನನ್ನ ಪಾಲು. ಮೂವತ್ತು ವರ್ಷದಿಂದ ಇದೇ ಕಸುಬು. ಅದಕ್ಕೇ ನನ್ನ ಕೆಲಸಕ್ಕೆ ಯಾರಾದರೂ ಬುದ್ಧಿ ಹೇಳಲು ಬಂದರೆ ಮೈಯೆಲ್ಲ ಉರಿಯುತ್ತದೆ.

ಆ ಶನಿವಾರ ಅಜ್ಜಿ, ಮೊಮ್ಮಗಳು ಬಂದರು. ಇವರ ಮನೆತನಕ್ಕೆ ಮೂಳೆಯದೊಂದು ಅಪರೂಪದ ಕಾಯಿಲೆ. ಮನೆ, ಜಮೀನು ಇಳಿದು ಬರುವ ಹಾಗೆ ತಲೆಮಾರಿನಿಂದ ತಲೆಮಾರಿಗೆ ಇಳಿದು ಬಂದಿದೆ. ಕೊರಳ ಕೆಳಗಿನ ಅಡ್ಡೆಲುಬೇ ಇಲ್ಲ. ಮನಸ್ಸು ಮಾಡಿದರೆ ಎರಡು ಭುಜಗಳನ್ನೂ ಎದೆಯ ಮುಂದೆ ತಂದು ಜೋಡಿಸಬಲ್ಲರು. ಹಾಲುಹಲ್ಲು ಬಿದ್ದ ಮೇಲೆ ಹೊಸದು ಹೊರಗೆ ಬರುವುದಿಲ್ಲ. ಹಾಗಂತ ಹಲ್ಲಿಲ್ಲವೆಂದಲ್ಲ. ಎಕ್ಸ್‌ರೇ ನೋಡಿದರೆ ಮೊಮ್ಮಗಳಿಗೆ ನಮಗಿಂತ ಹನ್ನೊಂದು ಹೆಚ್ಚೇ ಇವೆ. ಎಲ್ಲವೂ ದವಡೆಯೊಳಗೆ ಅಡ್ಡಡ್ಡ ಮಲಗಿವೆ.

"ನಮ್ಮ ಹಲ್ಲು ಬಲು ಸೋಮಾರಿ ಕಣೋ ಹಲ್ಲಪ್ಪ," ಅನ್ನುತ್ತಾರೆ ಬೊಚ್ಚುಬಾಯಿಯ ಅಜ್ಜಿ. ಹಲ್ಲಪ್ಪ ಎನ್ನುವುದು ಅವರೇ ನನಗಿಟ್ಟ ಹೆಸರು. ಮಲಗಿದವನ್ನು ಎಬ್ಬಿಸುವುದು ಬೇಡ, ಮೇಲೆ ಸೆಟ್ಟು ಕೂರಿಸೋಣ ಎಂದು ಡಾಕ್ಟರಮ್ಮ ತೀರ್ಮಾನಿಸಿದ್ದರು.

ಮೊಮ್ಮಗಳಿಗೆ ಸೋಮವಾರ ಬಸ್ ನಿಲ್ದಾಣದಲ್ಲಿ ಪರೀಕ್ಷೆ. ಮೈಕಿನಲ್ಲಿ ಬಸ್ಸುಗಳ ಸಮಯ ಹೇಳುವ ಕೆಲಸ. ಎರಡು ಸಲ ಹೋಗಿ, "ದನಿ ಚೆನ್ನಾಗಿದೆ, ಮಾತು ಸ್ಪಷ್ಟವಿಲ್ಲ" ಅನ್ನಿಸಿಕೊಂಡು ಬಂದಿದ್ದಳು. ಮೂರನೆಯದೇ ಕೊನೆಯದು.

ಪಕ್ಕಾ ಸೆಟ್ಟು ಮಾಡುವ ಮುಂಚೆ ಹಲ್ಲುಗಳನ್ನು ಮೇಣದಲ್ಲಿ ಜೋಡಿಸಿ, ಬಾಯಿಗಿಟ್ಟು ನೋಡುವುದು ನಮ್ಮ ಪದ್ಧತಿ. ಹೆಚ್ಚುಕಮ್ಮಿಯಾಗಿದ್ದರೆ ಆಗಲೇ ಸರಿಸಬಹುದು. ಅವಳ ಬಾಯಿಗಿಟ್ಟು, "ಹೇಳಮ್ಮ" ಎಂದೆ.

"ಸಂಜೆ ಆರರ ಬಸ್ಸು ಏಳನೇ ಸಾಲಿನಿಂದ..." ಒಂದೊಂದು 'ಸ'ಕ್ಕೂ ಕುಕ್ಕರ್ ಕೂಗಿದಂತೆ ಸೀಟಿ.

"ಈ ಸೀಟಿ ಕೇಳಿದ್ರೆ ಕಂಡಕ್ಟರೇ ಊದಿದ ಅಂತ ಡ್ರೈವರ್ರು ಬಸ್ಸು ಬಿಟ್ಟೇಬಿಡ್ತಾನೆ," ಅಂದರು ಅಜ್ಜಿ.

ಮೊಮ್ಮಗಳು ನಗಲಿಲ್ಲ. "ಅಂಕಲ್, ನಮ್ಮನೇಲಿ ಎಲ್ರಿಗೂ ಕೆಳದವಡೆ ಮುಂದೆ. ನೀವು ಕೆಳಗಿನ ಹಲ್ಲನ್ನ ತುಂಬಾ ಹಿಂದೆ ಇಟ್ಟಿದೀರಿ ಅನ್ಸತ್ತೆ."

"ಮೇಲಿಂದು ಮುಂದೆ, ಕೆಳಗಿಂದು ಹಿಂದೆ. ಮೂವತ್ತು ವರ್ಷದಿಂದ ಹೀಗೇ ಇಡ್ತಿದೀನಿ. ಅಭ್ಯಾಸ ಆದ್ರೆ ಸರಿಹೋಗತ್ತೆ."

"ಅಭ್ಯಾಸಕ್ಕೆ ಇರೋದು ಒಂದೇ ದಿನ ಅಂಕಲ್." ಅವಳ ಕಣ್ಣು ತುಂಬಿತ್ತು. ನಾನು ಮಣಿಯಲಿಲ್ಲ. ಸೆಟ್ಟನ್ನು ಬಟ್ಟಲಲ್ಲಿಟ್ಟು, ಡಾಕ್ಟರಮ್ಮನ ಬಾಯಿಂದಲೇ ಹೇಳಿಸೋಣವೆಂದು ಅವಳನ್ನು ಮೇಲೆ ಕರೆದುಕೊಂಡು ಹೋದೆ. ಡಾಕ್ಟರಮ್ಮ ಯಾರದೋ ಹಲ್ಲು ಕೀಳುತ್ತಿದ್ದರು. ಹತ್ತು ನಿಮಿಷ ಕಾದು ಇಳಿದು ಬಂದೆವು.

ಅಜ್ಜಿ ಕೈಗನ್ನಡಿ ಹಿಡಿದು ಕೂತಿದ್ದರು. ಕೆನ್ನೆ ತುಂಬಿಕೊಂಡು, ಹತ್ತು ವರ್ಷ ಚಿಕ್ಕವರಾಗಿ ಕಾಣುತ್ತಿದ್ದರು. ಬಟ್ಟಲು ಖಾಲಿ. ಪಕ್ಕದಲ್ಲಿ, ನನಗೆಂದು ತರಿಸಿದ್ದ ಚಹಾದ ಲೋಟವೂ ಖಾಲಿ. ಬೇರೆ ಯಾರ ಬಾಯಿಗೂ ಆ ಸೆಟ್ಟು ಕೂರುತ್ತಿರಲಿಲ್ಲ. ಆದರೆ ಇವರ ಮನೆಯವರ ದವಡೆಯೆಲ್ಲ ಒಂದೇ ಅಚ್ಚು.

"ಅಜ್ಜಿ! ಮೇಣ ಅದು! ಬಿಸಿ ಬಿದ್ರೆ ಕರಗತ್ತೆ!" ನಾನು ತಲೆ ತಲೆ ಚಚ್ಚಿಕೊಂಡೆ.

"ಸುಮ್ನೆ ಕೂಗಾಡಬೇಡ. ಹಲ್ಲಿಟ್ಕೊಂಡು ಚಹಾ ಕುಡಿದ್ರೆ ಹೇಗಿರತ್ತೆ ಅಂತ ಸ್ವಲ್ಪ ನೋಡಿದೆ. ಸೊಗಸಾಗಿತ್ತು."

ನಾನು ಇನ್ನೂ ಬೈಯುವವನಿದ್ದೆ. ಮೊಮ್ಮಗಳು ನನ್ನ ತೋಳು ಹಿಡಿದಳು. "ಅಜ್ಜಿ, 'ಸಂಜೆ ಆರರ ಬಸ್ಸು' ಅಂತ ಹೇಳು ನೋಡೋಣ."

"ಸಂಜೆ ಆರರ ಬಸ್ಸು. ಯಾಕೆ, ತಪ್ಪಿಹೋಯ್ತಾ?"

ಸೀಟಿಯೇ ಇಲ್ಲ! ಬಿಸಿಗೆ ಮೆತ್ತಗಾದ ಮೇಣವನ್ನು ಅಜ್ಜಿ ತಮ್ಮ ದವಡೆಯ ಲೆಕ್ಕಕ್ಕೆ ಕಚ್ಚಿದ್ದರು. ಕೆಳಗಿನ ಸಾಲು ಮುಂದೆ ಸರಿದು, ಮೇಲಿನದರ ಅಂಚಿಗೆ ಅಂಚು ತಾಗಿ ಕೂತಿತ್ತು. ಬೇಗ ಬೇಗ ತಣ್ಣೀರು ಮುಕ್ಕಳಿಸಲು ಕೊಟ್ಟು, ಮೇಣ ಗಟ್ಟಿಯಾದ ಮೇಲೆ ಸೆಟ್ಟನ್ನು ಹುಷಾರಾಗಿ ತೆಗೆದು, ಚೆನ್ನಾಗಿ ತೊಳೆದು ಮೊಮ್ಮಗಳ ಬಾಯಿಗಿಟ್ಟೆ. ಅವಳು ಸಂಜೆಯ ಬಸ್ಸೆಲ್ಲ ಹೊರಡಿಸಿದಳು. ಒಂದೂ ಸೀಟಿ ಹೊಡೆಯಲಿಲ್ಲ. ನನ್ನ ಮೂವತ್ತು ವರ್ಷದ ಜಂಬ ಒಂದು ಲೋಟ ಚಹಾಕ್ಕೆ ಕರಗಿಹೋಯಿತು.

"ತಪ್ಪು ನಂದೇ ಕಣಮ್ಮ," ಎಂದೆ. ಹೇಳಲು ಕಷ್ಟವಾಯಿತು, ಆದರೂ ಹೇಳಿದೆ.

ಅಷ್ಟರಲ್ಲಿ ಅಜ್ಜಿ ಇನ್ನೊಮ್ಮೆ ಕನ್ನಡಿ ನೋಡಿಕೊಂಡರು. ಕೆನ್ನೆ ಮತ್ತೆ ಒಳಗೆ ಹೋಗಿತ್ತು. ಕನ್ನಡಿಯನ್ನು ಮೇಜಿನ ಮೇಲೆ ಬೋರಲು ಹಾಕಿದರು. ನನಗೆ ನಾಚಿಕೆಯಾಯಿತು. ಇವರ ಮಗನ ಸೆಟ್ಟಿಗೆ ಇವರೇ ಜೊತೆಗೆ ಬಂದಿದ್ದರು, ಈಗ ಮೊಮ್ಮಗಳದಕ್ಕೂ ಇವರೇ. ಇಷ್ಟು ವರ್ಷ ತಮಾಷೆ ಮಾಡುತ್ತಾ ಕೂತವರಿಗೆ, ನಿಮಗೆ ಬೇಡವೇ ಎಂದು ನಾನು ಒಂದು ಸಲವೂ ಕೇಳಿರಲಿಲ್ಲ.

"ಅಜ್ಜಿ, ಸೋಮವಾರ ಬನ್ನಿ. ಅಳತೆ ತಗೋಬೇಕು."

"ಯಾರದು?"

"ನಿಮ್ಮದೇ."

ಅಜ್ಜಿ ಸೆರಗು ಸರಿಮಾಡಿಕೊಂಡು ತಲೆಯಾಡಿಸಿದರು.

ಭಾನುವಾರವೂ ಕೂತು ಮೊಮ್ಮಗಳ ಪಕ್ಕಾ ಸೆಟ್ಟು ಮುಗಿಸಿದೆ. ಸೋಮವಾರ ಬೆಳಗ್ಗೆ ಅದನ್ನು ಹಾಕಿಕೊಂಡು ಅವಳು ಪರೀಕ್ಷೆಗೆ ಓಡಿದಳು. ಅಜ್ಜಿ ನನ್ನ ಕುರ್ಚಿಯಲ್ಲಿ ಕೂತರು. ಅಳತೆಯ ಪೇಸ್ಟು ಕಲಸಿ, ಅಚ್ಚಿನ ತಟ್ಟೆಗೆ ತುಂಬಿ ಬಾಯಿಗಿಟ್ಟೆ. "ಮೂರು ನಿಮಿಷ ಅಲುಗಾಡಬಾರದು, ಮಾತಾಡಬಾರದು" ಎಂದೆ. ಅಜ್ಜಿ ಕಣ್ಣಲ್ಲೇ ಬೈದರು.

ಎರಡನೇ ನಿಮಿಷಕ್ಕೆ ಫೋನು ಬಂತು. ಮೊಮ್ಮಗಳು. ಸ್ಪೀಕರಿಗೆ ಹಾಕಿದೆ.

"ಅಜ್ಜೀ! ಕೆಲಸ ಸಿಕ್ತು! ಇವತ್ತು ಸಂಜೆಯಿಂದ್ಲೇ ಶುರು!"

ಅಜ್ಜಿಯ ಗಲ್ಲ ನಡುಗಿತು. ಕಣ್ಣಿಂದ ಒಂದೇ ಸಮನೆ ನೀರು.

"ಅಜ್ಜಿ, ಅಲುಗಾಡಬೇಡಿ! ಅಳತೆ ಕೆಡತ್ತೆ!"

ಕೇಳುತ್ತಾರೆಯೇ? ಬಾಯಿ ತುಂಬ ಪೇಸ್ಟಿಟ್ಟುಕೊಂಡೇ ಅತ್ತರು, ನಕ್ಕರು, ಫೋನಿಗೆ ಏನೇನೋ ಹೇಳಿದರು. ಅಳತೆ ಪೂರ್ತಿ ಕೆಟ್ಟುಹೋಯಿತು. ನಾನು ಇನ್ನೊಂದು ಬಟ್ಟಲು ಪೇಸ್ಟು ಕಲಸಿದೆ.