ಬಿಟ್ಟುಹೋದ ಸಾಲು

ಗುರುವಾರ ಬೆಳಿಗ್ಗೆ ಹತ್ತು ಗಂಟೆ ಹತ್ತು ನಿಮಿಷಕ್ಕೆ ಅಕ್ಕ ತಂಗಿ ಇಬ್ಬರನ್ನೂ ಕರಿಹಲಗೆಯ ಎರಡು ತುದಿಗಳಲ್ಲಿ ನಿಲ್ಲಿಸಲಾಯಿತು. ತರಗತಿಯಲ್ಲಿ ಬೇರೆ ಯಾರೂ ಇರಲಿಲ್ಲ. ಮೇಜಿನ ಮೇಲೆ, ಮನೆಯಲ್ಲಿ ಬಿಡಿಸಿ ತರಲು ಕೊಟ್ಟಿದ್ದ ಲೆಕ್ಕಗಳ ಅವರ ಉತ್ತರ ಪತ್ರಿಕೆಗಳು ಬೋರಲಾಗಿ ಬಿದ್ದಿದ್ದವು. ಎರಡರಲ್ಲೂ ಮೊದಲ ಲೆಕ್ಕದಲ್ಲಿ ಒಂದೇ ತಪ್ಪಿತ್ತು. ಯಾವ ಸಾಲಿನಲ್ಲಿ ಎಂದು ಮೇಡಂ ಹೇಳಿರಲಿಲ್ಲ.

"ಯಾರು ಯಾರದ್ದು ನೋಡಿ ಬರೆದ್ರಿ ಅಂತ ನಿನ್ನೆ ಕೇಳ್ದೆ. ಇಬ್ರೂ ತುಟಿ ಬಿಚ್ಚಲಿಲ್ಲ," ಎಂದರು ಮೇಡಂ. "ಸರಿ. ಮೊದಲ್ನೇದು ಮತ್ತೆ ಮಾಡಿ. ಆ ಕಡೆ ಈ ಕಡೆ ನೋಡೋ ಹಾಗಿಲ್ಲ. ಹತ್ತು ನಿಮಿಷ."

ಗಣಿತ ವಿಭಾಗದ ನಿಯಮ ಸರಳವಾಗಿತ್ತು. ತೋರಿಸಿದವರಿಗೆ ಅರ್ಧ ಅಂಕ, ನೋಡಿ ಬರೆದವರಿಗೆ ಸೊನ್ನೆ. ಸೊನ್ನೆ ಬಿದ್ದವರು ಪರೀಕ್ಷೆಗೆ ಕೂರುವಂತಿಲ್ಲ. ಒಂದು ವರ್ಷ ಹೋಗುತ್ತದೆ.

ನೋಡಿ ಬರೆದವಳು ಬಲತುದಿಯಲ್ಲಿದ್ದ ತಂಗಿ. ಎಡತುದಿಯಲ್ಲಿದ್ದವಳು ಅವಳ ದೊಡ್ಡಮ್ಮನ ಮಗಳು, ಎಂಟು ತಿಂಗಳು ದೊಡ್ಡವಳಾದ ಅಕ್ಕ. ಓದಲೆಂದು ತಂಗಿ ದೊಡ್ಡಮ್ಮನ ಮನೆಯಲ್ಲೇ ಇದ್ದಳು. ಭಾನುವಾರ ಇಡೀ ದಿನ ಕೂತರೂ ಬೀಜಗಣಿತದ ಗ್ರೂಪ್ ಥಿಯರಿಯ ಒಂದು ಲೆಕ್ಕವೂ ಅವಳ ಕೈಗೆ ಹತ್ತಿರಲಿಲ್ಲ. ಸೋಮವಾರ ಮಧ್ಯಾಹ್ನ, ಪತ್ರಿಕೆ ಕೊಡಲು ನಲವತ್ತು ನಿಮಿಷ ಉಳಿದಿದ್ದಾಗ, ಅಕ್ಕ ತನ್ನದನ್ನು ಅವಳ ಮುಂದೆ ತಳ್ಳಿದ್ದಳು. "ಕಣ್ಮುಚ್ಚಿ ಇಳಿಸ್ಬೇಡ ಕಣೇ. ಅಲ್ಲಲ್ಲಿ ಪದನಾದ್ರೂ ಬದಲಾಯಿಸು."

ಅದೇ ಸಂಜೆ ಮನೆಯ ಗೇಟಿಗೆ ಕೀಲಿ ತಿರುಗಿಸುವಾಗ ತಂಗಿಗೆ ಮೊದಲ ಲೆಕ್ಕದ ತಪ್ಪು ಹೊಳೆಯಿತು. ಬೆಳಿಗ್ಗೆ ಹೊರಡುವಾಗ ಮೊದಲು ಬಾಗಿಲು, ಆಮೇಲೆ ಗೇಟು ಹಾಕಿದ್ದಳು. ತೆಗೆಯುವಾಗ ಮೊದಲು ಗೇಟು. ಎರಡು ಅಂಶಗಳ ಗುಣಲಬ್ಧದ ವಿಲೋಮ, ಅಂದರೆ ಅದನ್ನು ರದ್ದು ಮಾಡುವ ಅಂಶ, ತೆಗೆದುಕೊಂಡಾಗಲೂ ಹಾಗೆಯೇ ಅವುಗಳ ಕ್ರಮ ಹಿಂದುಮುಂದಾಗಬೇಕು. ಅಕ್ಕ ಆ ಕ್ರಮವನ್ನು ತಿರುಗಿಸಿರಲಿಲ್ಲ. ತಿರುಗಿಸಿದರೆ ಲೆಕ್ಕ ಮೂರೇ ಸಾಲು.

ಹೇಳಬೇಕೆಂದುಕೊಂಡಳು. ಅಕ್ಕನಿಗೆ ಗೊತ್ತಿಲ್ಲದ್ದು ತನಗೆ ಗೊತ್ತಿರುವುದು ಇದೇ ಮೊದಲು. ಆ ದಿನ ಹೇಳಲಿಲ್ಲ. ಮಂಗಳವಾರವೂ ಹೇಳಲಿಲ್ಲ, ಬುಧವಾರವೂ ಇಲ್ಲ.

ಈಗ ಅವಳು ಆ ಮೂರು ಸಾಲು ಬರೆದು ಕೈ ಇಳಿಸಿದಳು. ಎಡಗಡೆಯಿಂದ ಸೀಮೆಸುಣ್ಣದ ಸದ್ದು ಇನ್ನೂ ಬರುತ್ತಿತ್ತು. ಅಕ್ಕ ಏಳನೆಯ ಸಾಲಿನಲ್ಲಿದ್ದಳು.

ಮೇಡಂ ಮೊದಲು ಎಡಗಡೆ ಹೋದರು. "ಏನಮ್ಮ ಇದು? ಶುರು ಮಾಡಿದ ಕಡೆಗೇ ಬಂದು ನಿಂತಿದೀಯ. 'ಆದ್ದರಿಂದ' ಅಂತ ಬರೆದುಬಿಟ್ರೆ ಸಾಧಿಸಿದ ಹಾಗಾ?" ಆಮೇಲೆ ಬಲಗಡೆ ಬಂದು ಮೂರು ಸಾಲುಗಳನ್ನು ಎರಡು ಸಲ ಓದಿದರು. "ಇದು ಸರಿ."

ಮೇಜಿಗೆ ವಾಪಸು ಹೋಗಿ ಪೆನ್ನು ತೆಗೆದು ಅಕ್ಕನ ಕಡೆ ತಿರುಗಿದರು. "ಇವಳು ಅವಸರದಲ್ಲಿ ತಪ್ಪಿದ್ಲು, ತಿದ್ದಿಕೊಂಡ್ಲು. ನೀನು ಅದನ್ನ ತಪ್ಪಿನ ಸಮೇತ ಉರು ಹೊಡೆದೆ. ನೋಡಿ ಬರೆದವಳು ನೀನು."

"ಅಲ್ಲ ಮೇಡಂ. ನಾನೇ ಬಿಡಿಸಿದ್ದು," ಎಂದಳು ಅಕ್ಕ. ಬಲತುದಿಯ ಮೂರು ಸಾಲುಗಳನ್ನೇ ನೋಡುತ್ತಿದ್ದಳು.

ಮೇಡಂ ಅಕ್ಕನ ಪತ್ರಿಕೆಯನ್ನು ಹತ್ತಿರಕ್ಕೆ ಎಳೆದುಕೊಂಡರು.

"ನೋಡಿ ಬರೆದಿದ್ದು ನಾನು," ಎಂದಳು ತಂಗಿ.

"ಇಷ್ಟು ಚೆನ್ನಾಗಿ ಬರೋಳು ಯಾಕಮ್ಮ ನೋಡಿ ಬರೀತಾಳೆ? ಅಕ್ಕನ್ನ ಉಳಿಸೋಕೆ ನಾಟಕ ಆಡ್ಬೇಡ."

"ನಿಜ ಹೇಳ್ತಿದೀನಿ ಮೇಡಂ."

"ನನ್ನ ಕ್ಲಾಸಲ್ಲಿ ಹೇಳಿದ್ರೆ ಸಾಲದು. ಸಾಧಿಸು."

ತಂಗಿ ಎರಡೂ ಪತ್ರಿಕೆಗಳನ್ನು ಕೇಳಿ ತೆಗೆದುಕೊಂಡು ಅಕ್ಕಪಕ್ಕ ಇಟ್ಟಳು. ಕೈಯ ಸುಣ್ಣ ಕಾಗದಕ್ಕೆ ಹತ್ತುತ್ತಿತ್ತು. ಮೊದಲನೆಯ ಲೆಕ್ಕ, ಎರಡನೆಯದು, ಏನೂ ಸಿಗಲಿಲ್ಲ. ಮೇಡಂ ಗಡಿಯಾರ ನೋಡಿದರು. ಮೂರನೆಯ ಲೆಕ್ಕದಲ್ಲಿ ಅವಳ ಬೆರಳು ನಿಂತಿತು.

"ನನ್ನದ್ರಲ್ಲಿ ಈ ಸಾಲಿಂದ ಮುಂದಿನ ಸಾಲು ಹೇಗೆ ಬಂತು ಮೇಡಂ?"

"ಬರಲ್ಲ. ಮಧ್ಯ ಒಂದು ಸಾಲು ಬೇಕು."

"ಅಕ್ಕನದ್ರಲ್ಲಿ ಇದೆ. ಮೊದಲ ಪುಟದ ಕೊನೇ ಸಾಲು. ನಾನು ಅದನ್ನ ನೋಡದೆ ಪುಟ ತಿರುಗಿಸ್ಬಿಟ್ಟೆ. ನನ್ನದ್ರಿಂದ ಇಳಿಸಿದ್ರೆ ಅಕ್ಕನಿಗೆ ಆ ಸಾಲು ಎಲ್ಲಿಂದ ಬರ್ತಿತ್ತು?"

ಮೇಡಂ ಅಕ್ಕನ ಪತ್ರಿಕೆಯ ಹಾಳೆಯನ್ನು ತಿರುಗಿಸಿ ನೋಡಿದರು, ಮತ್ತೆ ಹಿಂದಕ್ಕೆ ತಿರುಗಿಸಿದರು. ತಂಗಿಯ ಪತ್ರಿಕೆಯಲ್ಲಿ ಆ ಜಾಗ ಪುಟದ ನಟ್ಟನಡುವೆ ಇತ್ತು.

"ಸಾಧನೆ ಸರಿಯಿದೆ," ಎಂದು ತಂಗಿಯ ಪತ್ರಿಕೆಯ ಮೇಲೆ ಸೊನ್ನೆ ಬರೆದರು. "ಮುಂದಿನ ವರ್ಷ ಮೊದಲನೇ ಬೆಂಚಲ್ಲಿ ಕೂತ್ಕೋ."

ಹೊರಗೆ ಜಗಲಿಯಲ್ಲಿ ತಂಗಿ ಅಂಗೈ ಉಜ್ಜಿಕೊಂಡಳು. "ದೊಡ್ಡಮ್ಮಂಗೆ ನಾನೇ ಹೇಳ್ತೀನಿ ಅಕ್ಕಾ."

"ಆ ಮೂರು ಸಾಲು ನಿಂಗೆ ಯಾವಾಗ ಹೊಳೀತು?"

"ಸೋಮವಾರ. ಸಂಜೆ."

"ಮೂರು ದಿನ ನನ್ನ ಪಕ್ಕದಲ್ಲೇ ಕೂತು ಊಟ ಮಾಡ್ದೆ," ಎಂದಳು ಅಕ್ಕ.

ದಿನವೂ ಇಬ್ಬರೂ ಒಂದೇ ಬಸ್ಸಿಗೆ ಹೋಗುತ್ತಿದ್ದರು. ಆ ದಿನ ಅಕ್ಕ ಎರಡು ಇಪ್ಪತ್ತರ ಬಸ್ಸಿಗೆ ಮನೆಗೆ ಹೋದಳು. ತಂಗಿ ಮೂರು ಗಂಟೆಯದಕ್ಕೆ ಹೋದಳು.